ಹೋಂಸ್ಟೇ ವೆಬ್‌ಸೈಟಿನಲ್ಲಿ ಬುಕಿಂಗ್ ಫಾರ್ಮ್ ಇಟ್ಟುಕೊಂಡವರು ಒಮ್ಮೆ ಇದನ್ನು ಓದಿ

ಮಡಿಕೇರಿ ಹತ್ತಿರ ನಮ್ಮ ಸಂಬಂಧಿಕರದೊಂದು ಹೋಂಸ್ಟೇ ಇದೆ. ಡಿಸೆಂಬರ್ ರಜೆ ಶುರುವಾಗುವ ಹೊತ್ತಿಗೆ ಅವರ ವೆಬ್‌ಸೈಟ್ ತೆರೆದವರೆಲ್ಲ ಯಾವುದೋ ಜೂಜಿನ ಪುಟಕ್ಕೆ ಹೋಗಿ ಬೀಳುತ್ತಿದ್ದರು. ಅದಾದರೂ ಪರವಾಗಿಲ್ಲ. ರೂಮು ಕೇಳಿದ್ದವರ ಫೋನ್ ನಂಬರುಗಳೂ ಸೋರಿದ್ದವು. ಯಾರೋ ಹೋಂಸ್ಟೇ ಹೆಸರು ಹೇಳಿಕೊಂಡು ಅವರಿಂದ ಅಡ್ವಾನ್ಸ್ ಹಾಕಿಸಿಕೊಂಡಿದ್ದರು. ಸೀಸನ್ನಲ್ಲಿ ಲಗೇಜು ಸಮೇತ ಬಂದು ನಿಂತ ಸಂಸಾರಕ್ಕೆ ಏನು ಹೇಳುವುದು? ಸೈಟ್ ಮಾಡಿಕೊಟ್ಟವರು ಫೋನೇ ಎತ್ತಲಿಲ್ಲ. ಕೊನೆಗೆ ನಾನೇ ಕೂತು ನೋಡಿದೆ.

ಪಾಸ್‌ವರ್ಡ್ ಸೋರಿರಬೇಕು ಅಂತ ಎಲ್ಲರ ಅನುಮಾನ. ಆದರೆ ಕಳ್ಳ ಬಂದಿದ್ದು ಬುಕಿಂಗ್ ಫಾರ್ಮಿನ ಇಮೇಲ್ ಕಾಲಮ್ಮಿನಿಂದ. ಡೇಟಾಬೇಸಿನಲ್ಲಿ ಉಳಿದಿದ್ದ ಒಂದು ವಿಳಾಸದೊಳಗೆ ಕೊಟೇಶನ್ ಗುರುತು, ಸ್ಪೇಸ್, '-ಎಕ್ಸ್' ಎಂಬ ಆಪ್ಷನ್ (ಕಮಾಂಡಿಗೆ ಕೊಡುವ ಸೂಚನೆ), ಅದರ ಮುಂದೆ ಸರ್ವರಿನ ಒಂದು ಪಿಎಚ್‌ಪಿ (ಸೈಟ್ ಓಡಿಸುವ ಪ್ರೋಗ್ರಾಮಿಂಗ್ ಭಾಷೆ) ಫೈಲಿನ ಹೆಸರು ಇತ್ತು.

ಸೈಟಿನಲ್ಲಿದ್ದದ್ದು ಪಿಎಚ್‌ಪಿಮೇಲರ್ ಎಂಬ ಲೈಬ್ರರಿಯ (ಸಿದ್ಧ ಕೋಡಿನ ಕಟ್ಟು) ಹಳೇ ಕಾಪಿ. ಅದು ಮೇಲ್ ಕಳಿಸಲು ಒಳಗೆ ಸೆಂಡ್‌ಮೇಲ್ ಕಮಾಂಡ್ ಓಡಿಸುತ್ತದೆ. ಕಳಿಸಿದವರ ವಿಳಾಸ ಆ ಕಮಾಂಡಿಗೆ ಆರ್ಗ್ಯುಮೆಂಟ್ (ಜೊತೆಗೆ ಕೊಡುವ ಮಾಹಿತಿ) ಆಗಿ ಹೋಗುತ್ತದೆ. '-ಎಕ್ಸ್' ಅಂದರೆ ಮೇಲ್ ವ್ಯವಹಾರವನ್ನೆಲ್ಲ ಈ ಫೈಲಿಗೆ ಬರೆ ಅಂತ. ಮೆಸೇಜ್ ಕಾಲಮ್ಮಿನಲ್ಲಿ ಪಿಎಚ್‌ಪಿ ಕೋಡ್ ಇಟ್ಟರೆ ಮುಗಿಯಿತು, ಕಳ್ಳನ ಪ್ರೋಗ್ರಾಂ ನಿಮ್ಮ ಸೈಟಿನೊಳಗೇ ಕೂತಿರುತ್ತದೆ. ತೋಟದ ರೈಟರಿಗೆ ಕೊಡುವ ಚೀಟಿಯಲ್ಲಿ ಹೆಸರಿನ ಜಾಗದಲ್ಲಿ 'ಗೋದಾಮಿನ ಬೀಗ ತೆಗೆ' ಅಂತ ಬರೆದರೆ ಅವನು ಹೋಗಿ ತೆಗೆದ ಹಾಗೆ.

ಈ ತೂತು 2016ರ ಡಿಸೆಂಬರಿನಲ್ಲೇ ಬಯಲಾಗಿತ್ತು. 5.2.18ರಲ್ಲಿ ಮುಚ್ಚಿದರು. ಆದರೆ ಲೈಬ್ರರಿ ಒಮ್ಮೆ, ಪಿಎಚ್‌ಪಿ ಇನ್ನೊಮ್ಮೆ ಎಸ್ಕೇಪ್ ಮಾಡಿದ್ದರಿಂದ (ಅಪಾಯದ ಗುರುತುಗಳನ್ನು ಬರೀ ಅಕ್ಷರಗಳಾಗಿಸಿದ್ದರಿಂದ) ಎರಡೂ ಒಂದಕ್ಕೊಂದು ಅಡ್ಡ ಬಂದು ಮತ್ತೆ ತೂತಾಯಿತು! 5.2.20ರಲ್ಲಿ ಮತ್ತೊಮ್ಮೆ ಸರಿ ಮಾಡಬೇಕಾಯಿತು. ಇಷ್ಟು ವರ್ಷವಾದ ಮೇಲೂ ಹಳೇ ಕಾಪಿ ಹಾಕಿ ದುಡ್ಡು ತಗೊಂಡವರಿಗೆ ಏನನ್ನಬೇಕೋ.

ಇದು ಬರೀ ಪಿಎಚ್‌ಪಿ ತಲೆನೋವಲ್ಲ. 2017ರಲ್ಲಿ ಡೆವಲಪರ್‌ಗಳು ಕೋಡ್ ಕಾಪಾಡಿಡಲು ಬಳಸುವ ಗಿಟ್, ಮರ್ಕ್ಯುರಿಯಲ್, ಸಬ್‌ವರ್ಶನ್ ಮೂರೂ ಹೀಗೇ ಸಿಕ್ಕಿಬಿದ್ದವು. ಡ್ಯಾಶಿನಿಂದ ಶುರುವಾಗುವ ಸರ್ವರ್ ಹೆಸರನ್ನು ಅವು ಓಡಿಸುವ ಎಸ್‌ಎಸ್‌ಎಚ್ (ದೂರದ ಸರ್ವರಿಗೆ ಸೇರಿಸುವ ಕಮಾಂಡ್) ಆಪ್ಷನ್ ಅಂದುಕೊಳ್ಳುತ್ತಿತ್ತು. ಪೈಥಾನಿನ ಗಿಟ್‌ಪೈಥಾನ್ ಲೈಬ್ರರಿಗೂ 2022ರಲ್ಲಿ ಇದೇ ಜಾತಿಯ ಸಿವಿಇ (ನಂಬರ್ ಕೊಟ್ಟು ದಾಖಲಿಸಿದ ತೂತು) ಬಂತು. 'ನಾವು ಶೆಲ್ ಬಳಸೋದೇ ಇಲ್ಲ, ಸೆಮಿಕೋಲನ್ ಎಲ್ಲ ತೆಗೀತೀವಿ' ಅನ್ನುವ ಡೆವಲಪರ್‌ಗಳು ಜಾಸ್ತಿ. ಸೆಮಿಕೋಲನ್ ಹಾಕಿದರೆ ಶೆಲ್ (ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂ) ಇನ್ನೊಂದು ಕಮಾಂಡ್ ಓಡಿಸುತ್ತದೆ ಅಂತ ಅವರ ಹೆದರಿಕೆ. ಇಲ್ಲಿ ಸೆಮಿಕೋಲನ್ ಬೇಕೇ ಇಲ್ಲ, ಅಲ್ವಾ? ಆಪ್ಷನ್ ಒಂದು ಸಾಕು.

ನಿಮ್ಮ ಸೈಟ್ ಮಾಡಿದವರನ್ನು ಕೇಳಿ: ಪಿಎಚ್‌ಪಿಮೇಲರ್ ಯಾವ ವರ್ಶನ್? 5.2 ಸಾಲಿಗೆ ಈಗ ಬೆಂಬಲವಿಲ್ಲ. ಥೀಮ್, ಪ್ಲಗಿನ್‌ಗಳ ಒಳಗೂ ಒಂದು ಕಾಪಿ ಅಡಗಿರಬಹುದು, ಹುಡುಕಿಸಿ. ಫ್ರಮ್ ವಿಳಾಸ ನಿಮ್ಮದೇ ಇರಲಿ, ಅತಿಥಿಯದ್ದು ರಿಪ್ಲೈ-ಟುಗೆ ಹೋಗಲಿ. ಮೇಲ್ ಎಸ್‌ಎಂಟಿಪಿ ಮೂಲಕ (ನೇರ ಮೇಲ್ ಸರ್ವರಿಗೆ) ಹೋದರೆ ಸೆಂಡ್‌ಮೇಲ್ ಕಮಾಂಡಿನ ಗೊಡವೆಯೇ ಇಲ್ಲ. ಕೋಡ್ ಬರೆಯುವವರು ಡ್ಯಾಶಿನಿಂದ ಶುರುವಾಗುವ ಇನ್‌ಪುಟ್ಟನ್ನು ತಳ್ಳಿಹಾಕಿ, ಉಳಿದ ಇನ್‌ಪುಟ್ಟಿಗೂ ಮೊದಲು '--' (ಆಪ್ಷನ್ ಇಲ್ಲಿಗೆ ಮುಗಿಯಿತು ಅನ್ನುವ ಗುರುತು) ಇಡಿ. ಆದರೆ ಎಲ್ಲ ಟೂಲ್‌ಗಳೂ '--' ಕೇಳುವುದಿಲ್ಲ, ಒಂದೊಂದನ್ನೂ ಪರೀಕ್ಷಿಸಿ.

ಸುಮ್ನೆ ಅಪ್‌ಡೇಟ್ ಮಾಡಿ ಕೈತೊಳೆದುಕೊಳ್ಳಬೇಡಿ. ಕಳ್ಳ ಇಟ್ಟ ಫೈಲ್ ಅಪ್‌ಡೇಟಿನಿಂದ ಅಳಿಯುವುದಿಲ್ಲ. ಅಪ್‌ಲೋಡ್, ಕ್ಯಾಶ್ ಫೋಲ್ಡರುಗಳಲ್ಲಿ ಪಿಎಚ್‌ಪಿ ಫೈಲ್ ಕಂಡರೆ ಅನುಮಾನಪಡಿ. ಡೇಟಾಬೇಸ್ ಪಾಸ್‌ವರ್ಡ್ ಬದಲಿಸಿ. ಹಿಂದೆ ರೂಮು ಕೇಳಿದ್ದವರಿಗೆಲ್ಲ ನಿಮ್ಮ ನಂಬರಿನಿಂದಲೇ ಫೋನ್ ಮಾಡಿ ವಿಷಯ ತಿಳಿಸಿ.