ಲ್ಯಾಬ್‌ಗೆ ಮಾನ್ಯತೆ ಇದೆ ಅಂದರೆ ಸಾಲದು, ನಿಮ್ಮ ಪರೀಕ್ಷೆಗೆ ಇದೆಯಾ ನೋಡಿ

ಪರೀಕ್ಷಾ ವರದಿಯ ಮೊದಲ ಪುಟದಲ್ಲಿ ಮಾನ್ಯತಾ ಸಂಸ್ಥೆಯ ಮುದ್ರೆ ಇದೆ ಅಂದ ಮಾತ್ರಕ್ಕೆ ಒಳಗಿರುವ ಪ್ರತಿ ಅಂಕಿಗೂ ಆ ಮುದ್ರೆಯ ಬಲ ಇದೆ ಅಂದುಕೊಳ್ಳಬೇಡಿ. ಅಂಥದ್ದೊಂದು ವರದಿಯಿಂದ ನಮ್ಮ ಘಟಕಕ್ಕೆ ಆದ ನಷ್ಟವನ್ನು ನಾವಿನ್ನೂ ತುಂಬಿಕೊಳ್ಳುತ್ತಿದ್ದೇವೆ. ಹೊರಗಡೆ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸುವವರು, ಮಾಲು ನೋಡಲು ಥರ್ಡ್ ಪಾರ್ಟಿ ಇನ್‌ಸ್ಪೆಕ್ಟರನ್ನು ಕರೆಸುವವರು, ಆ ಕಾಗದ ನಂಬಿ ಡಿಸ್ಪ್ಯಾಚ್‌ಗೆ ಸಹಿ ಹಾಕುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ನಾವು ಸ್ಟಡ್, ಬೋಲ್ಟ್, ನಟ್ ಮಾಡಿಕೊಡುವವರು. ಒಂದು ರಾಸಾಯನಿಕ ಕಾರ್ಖಾನೆಯಿಂದ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸ್ಟಡ್‌ಗಳಿಗೆ ಆರ್ಡರ್ ಬಂದಿತ್ತು. ಪ್ರತಿ ಹೀಟ್‌ಗೂ, ಅಂದರೆ ಒಂದೇ ಸಲ ಕರಗಿಸಿ ಎರೆದ ಪ್ರತಿ ಸ್ಟೀಲ್‌ಗೂ, ರಾಸಾಯನಿಕ ಸಂಯೋಜನೆ, ಟೆನ್ಸೈಲ್ (ಎಳೆತ ತಾಳುವ ಶಕ್ತಿ), ಹಾರ್ಡ್‌ನೆಸ್ (ಗಡಸುತನ), ಐಜಿಸಿ ಅಂದರೆ ಇಂಟರ್‌ಗ್ರಾನ್ಯುಲರ್ ಕೊರೋಷನ್ (ಲೋಹದ ಕಣಗಳ ಅಂಚಿನಲ್ಲಿ ಆಗುವ ಸವೆತ) ಪರೀಕ್ಷೆ ಆಗಬೇಕು, ನಾಲ್ಕೂ ಐಎಸ್‌ಒ/ಐಇಸಿ 17025 (ಪರೀಕ್ಷಾ ಲ್ಯಾಬ್‌ಗಳ ಸಾಮರ್ಥ್ಯಕ್ಕಿರುವ ಅಂತರರಾಷ್ಟ್ರೀಯ ಮಾನದಂಡ) ಮಾನ್ಯತೆಯ ಅಡಿಯಲ್ಲೇ ಆಗಬೇಕು ಅನ್ನುವುದು ಗಿರಾಕಿಯ ಷರತ್ತು. ಅದೇ ಸಾಲನ್ನು ನಾವು ಲ್ಯಾಬ್‌ಗೆ ಕೊಟ್ಟ ಪಿಒದಲ್ಲೂ, ಅಂದರೆ ಖರೀದಿ ಆದೇಶದಲ್ಲೂ, ಬರೆದಿದ್ದೆವು. ಲ್ಯಾಬ್‌ನ ಪ್ರತಿನಿಧಿ ಫೋನಿನಲ್ಲಿ, "ಸರ್, ನಮ್ಮದು ಐಎಸ್‌ಒ ಲ್ಯಾಬು, ಅಕ್ರೆಡಿಟೇಶನ್ನೂ ಇದೆ, ನಮ್ಮ ರಿಪೋರ್ಟ್ ಎಲ್ಲಿ ಬೇಕಾದರೂ ನಡೆಯುತ್ತೆ" ಅಂದರು. ಪಿಒ ಒಪ್ಪಿಕೊಂಡು ಇಮೇಲ್ ಕೂಡ ಬಂತು.

ವರದಿ ಬಂತು, ಮಾಲು ಹೋಯಿತು. ಅಲ್ಲಿ ಗಿರಾಕಿಯ ಕ್ವಾಲಿಟಿ ವಿಭಾಗದ ಮೇಡಂ ನಮ್ಮ ವರದಿಯನ್ನು ಮೇಜಿನ ಒಂದು ಬದಿಗಿಟ್ಟುಕೊಂಡು, ಮಾನ್ಯತಾ ಸಂಸ್ಥೆಯ ಜಾಲತಾಣದಿಂದ ಆ ಲ್ಯಾಬ್‌ನ ಸ್ಕೋಪ್, ಅಂದರೆ ಯಾವ ಯಾವ ಪರೀಕ್ಷೆಗೆ ಮಾನ್ಯತೆ ಇದೆ ಅನ್ನುವ ಪಟ್ಟಿ, ಇಳಿಸಿಕೊಂಡು ಇನ್ನೊಂದು ಬದಿಗಿಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿದ್ದಾರೆ. ಟೆನ್ಸೈಲ್ ಇತ್ತು. ಹಾರ್ಡ್‌ನೆಸ್ ಇತ್ತು. ಸಂಯೋಜನೆಯ ಸಾಲಿನಲ್ಲಿ ಸ್ಪಾರ್ಕ್ ಸ್ಪೆಕ್ಟ್ರೋಮೀಟರ್ ಅಂತಲೇ ಇತ್ತು, ಆದರೆ ವಿಧಾನ ಎಎಸ್‌ಟಿಎಂ (ಪರೀಕ್ಷಾ ವಿಧಾನಗಳ ಮಾನದಂಡ ಪ್ರಕಟಿಸುವ ಸಂಸ್ಥೆ) ಇ415. ಅದು ಕಾರ್ಬನ್ ಸ್ಟೀಲ್ ಮತ್ತು ಲೋ ಅಲಾಯ್ ಸ್ಟೀಲ್‌ಗೆ ಇರುವ ವಿಧಾನ. ಆಸ್ಟೆನಿಟಿಕ್ ಸ್ಟೇನ್‌ಲೆಸ್ ಸ್ಟೀಲ್‌ಗೆ ಇರುವುದು ಇ1086. ಅದು ಆ ಲ್ಯಾಬ್‌ನ ಸ್ಕೋಪ್‌ನಲ್ಲಿ ಎಲ್ಲೂ ಇರಲಿಲ್ಲ. ಐಜಿಸಿಯ ಎಎಸ್‌ಟಿಎಂ ಎ262 ಕೂಡ ಇರಲಿಲ್ಲ.

ವರದಿಯ ಕೊನೆಯ ಪುಟದಲ್ಲಿ, ಸಹಿಯ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಟಿಪ್ಪಣಿ ಇತ್ತು: ನಕ್ಷತ್ರ ಗುರುತಿರುವ ಪರೀಕ್ಷೆಗಳು ಮಾನ್ಯತೆಯ ವ್ಯಾಪ್ತಿಯಲ್ಲಿಲ್ಲ. ಆದರೆ ವರದಿಯ ಯಾವ ಸಾಲಿನ ಮುಂದೆಯೂ ನಕ್ಷತ್ರ ಇರಲಿಲ್ಲ. ಟಿಪ್ಪಣಿ ಹಾಕಿದ್ದೇವೆ ಅಂತ ಹೇಳಿಕೊಳ್ಳುವುದಕ್ಕೆ ಅವರಿಗೆ ದಾರಿ ಇತ್ತು, ಓದುವವನಿಗೆ ಮಾತ್ರ ಯಾವುದು ಒಳಗೆ ಯಾವುದು ಹೊರಗೆ ಅಂತ ತಿಳಿಯುವ ದಾರಿಯೇ ಇರಲಿಲ್ಲ. ಇದನ್ನು ನಾನು ಅಚ್ಚಿನ ದೋಷ ಅಂತ ಒಪ್ಪುವುದಿಲ್ಲ.

ಒಂದೇ ಯಂತ್ರ ತಾನೇ, ಯಾವ ಸ್ಟೀಲ್ ಆದರೇನು ಅಂತ ಕೆಲವರು ಕೇಳುತ್ತಾರೆ. ಲ್ಯಾಬ್‌ನವರೂ ಅದನ್ನೇ ಕೇಳಿದರು. ಸ್ಪೆಕ್ಟ್ರೋಮೀಟರ್ ಕಿಡಿಯಿಂದ ಹೊರಟ ಬೆಳಕನ್ನು ಅಳೆದು, ಮೊದಲೇ ಹಾಕಿಟ್ಟ ಕ್ಯಾಲಿಬ್ರೇಷನ್ ಗೆರೆಗೆ ಹೋಲಿಸಿ, ಯಾವ ಧಾತು ಎಷ್ಟಿದೆ ಅಂತ ಹೇಳುತ್ತದೆ. ನೂರಕ್ಕೆ 16ರಿಂದ 18 ಕ್ರೋಮಿಯಂ, 10ರಿಂದ 14 ನಿಕ್ಕಲ್ ಇರುವ ಲೋಹದಲ್ಲಿ ಒಂದರ ಬೆಳಕಿನ ಗೆರೆ ಇನ್ನೊಂದರ ಮೇಲೆ ಬೀಳುವುದುಂಟು. ಅದಕ್ಕೇ ಬೇರೆ ಗೆರೆ, ಬೇರೆ ಪ್ರಮಾಣಿತ ಮಾದರಿಗಳು, ಬೇರೆ ತಿದ್ದುಪಡಿ ಬೇಕು. ಅವನ್ನೆಲ್ಲ ಸರಿಯಾಗಿ ಇಟ್ಟುಕೊಂಡಿದ್ದಾರೆಯೇ ಅಂತ ಹೊರಗಿನ ತಜ್ಞರು ಬಂದು ನೋಡಿ ಒಪ್ಪಿದ ಮೇಲೆಯೇ ಆ ವಿಧಾನ ಸ್ಕೋಪ್‌ಗೆ ಸೇರುವುದು. ಇಲ್ಲಿ ಆ ನೋಡುವ ಕೆಲಸವೇ ಆಗಿರಲಿಲ್ಲ.

ಪರಿಣಾಮ ಮಾಲಿಬ್ಡಿನಂನಲ್ಲಿ ಕಂಡಿತು. 316ರಲ್ಲಿ ಅದು ಶೇ. 2ರಿಂದ 3 ಇರಬೇಕು. ಸಾಮಾನ್ಯ ಸ್ಟೇನ್‌ಲೆಸ್ ದರ್ಜೆಯಾದ 304ಕ್ಕೂ 316ಕ್ಕೂ ಇರುವ ದೊಡ್ಡ ವ್ಯತ್ಯಾಸವೇ ಅದು, ಕ್ಲೋರೈಡ್ ಇರುವ ಕಡೆ ಗುಳಿ ಬಿದ್ದು ಸವೆಯದಂತೆ ಕಾಯುವುದು ಅದೇ. ನಮ್ಮ ವರದಿ ಹೇಳಿದ್ದು 2.03, ಎದುರಿಗೆ "ಅನುಗುಣವಾಗಿದೆ" ಅನ್ನುವ ಷರಾ. ಗಿರಾಕಿ ಬೇರೆ ಲ್ಯಾಬ್‌ನಲ್ಲಿ, ಇ1086 ಸ್ಕೋಪ್ ಇರುವಲ್ಲಿ, ಮತ್ತೆ ಮಾಡಿಸಿದಾಗ 1.94 ಬಂತು. ಅಳತೆಯ ಅನಿಶ್ಚಿತತೆ, ಅಂದರೆ ಅಂಕಿ ಎಷ್ಟು ಆಚೀಚೆ ಇರಬಹುದು ಅನ್ನುವುದು, 0.04 ಅಂತ ಪಕ್ಕದಲ್ಲೇ ಬರೆದಿತ್ತು. ಅಂದರೆ ಅದನ್ನು ಕೂಡಿಸಿದರೂ 2 ಮುಟ್ಟುವುದಿಲ್ಲ. ನಮ್ಮ ವರದಿಯಲ್ಲಿ ಅನಿಶ್ಚಿತತೆಯ ಮಾತೇ ಇರಲಿಲ್ಲ. ಮಿತಿಯ ಅಂಚಿನಲ್ಲಿರುವ ಅಂಕಿಗೆ "ಅನುಗುಣವಾಗಿದೆ" ಅಂತ ಷರಾ ಬರೆಯುವ ಲ್ಯಾಬ್, ಅನಿಶ್ಚಿತತೆಯನ್ನು ಹೇಗೆ ಲೆಕ್ಕಕ್ಕೆ ತೆಗೆದುಕೊಂಡು ಆ ತೀರ್ಮಾನಕ್ಕೆ ಬಂದೆ ಅನ್ನುವ ನಿಯಮವನ್ನೂ ಗಿರಾಕಿಗೆ ಹೇಳಿ ಒಪ್ಪಿಸಿರಬೇಕು. 17025ರ 2017ರ ಆವೃತ್ತಿ ಇದನ್ನು ಬಿಡಿಸಿ ಹೇಳುತ್ತದೆ.

ಐಜಿಸಿ ಪರೀಕ್ಷೆ ಅವರಲ್ಲಿ ನಡೆದೇ ಇರಲಿಲ್ಲ. ಬೇರೊಬ್ಬರಿಗೆ ಕಳಿಸಿ ಮಾಡಿಸಿ, ಫಲಿತಾಂಶವನ್ನು ತಮ್ಮ ಹಾಳೆಯಲ್ಲಿ ಸೇರಿಸಿದ್ದರು. ಹೊರಗೆ ಮಾಡಿಸುವುದು ತಪ್ಪಲ್ಲ. ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು, ವರದಿಯಲ್ಲಿ ಇದು ಹೊರಗಿನದು ಅಂತ ಕಾಣಿಸಬೇಕು. ಎರಡೂ ಆಗಿರಲಿಲ್ಲ.

ಈಗ ಆ "ಐಎಸ್‌ಒ ಲ್ಯಾಬು" ಅನ್ನುವ ಮಾತಿಗೆ ಬರೋಣ, ಏಕೆಂದರೆ ಹೆಚ್ಚು ಜನ ಬೀಳುವುದು ಇಲ್ಲೇ. ಐಎಸ್‌ಒ ಯಾರಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ, ಯಾವ ಲ್ಯಾಬ್‌ಗೂ ಮಾನ್ಯತೆ ಕೊಡುವುದಿಲ್ಲ. ಅದು ಮಾನದಂಡಗಳನ್ನು ಪ್ರಕಟಿಸುತ್ತದೆ, ಅಷ್ಟೇ. ಲ್ಯಾಬ್‌ನ ಗೋಡೆಗೆ ಚೌಕಟ್ಟು ಹಾಕಿ ನೇತುಹಾಕಿದ್ದು ಐಎಸ್‌ಒ 9001 ಪ್ರಮಾಣಪತ್ರ. ಕಡತ ಸರಿಯಾಗಿದೆ, ದೂರಿಗೆ ಉತ್ತರ ಕೊಡುವ ಪದ್ಧತಿ ಇದೆ, ಆಡಳಿತ ಒಂದು ಕ್ರಮದಲ್ಲಿ ನಡೆಯುತ್ತಿದೆ ಅನ್ನುವುದನ್ನು ಅದು ಹೇಳುತ್ತದೆ. ಬೋಲ್ಟ್ ಮಾಡುವ ನಮಗೂ ಅದು ಇದೆ, ಸಾಗಣೆ ಕಂಪನಿಗೂ ಇರಬಹುದು. ಅಳೆದ ಅಂಕಿ ನಂಬುವಂಥದ್ದೇ ಅನ್ನುವ ಪ್ರಶ್ನೆಯನ್ನು ಆ ಆಡಿಟ್ ಕೇಳುವುದೇ ಇಲ್ಲ. 17025 ಅಡಿಯಲ್ಲಿ ಬರುವ ತಂಡದಲ್ಲಿ ಆ ಪರೀಕ್ಷೆ ಬಲ್ಲ ತಜ್ಞ ಇರುತ್ತಾನೆ. ಕೆಲಸ ಮಾಡುವವರನ್ನು ಎದುರಿಗೆ ನಿಲ್ಲಿಸಿ ಪರೀಕ್ಷೆ ಮಾಡಿಸಿ ನೋಡುತ್ತಾನೆ, ಉಪಕರಣದ ಅಳತೆ ರಾಷ್ಟ್ರೀಯ ಅಥವಾ ಅಂತರರಾಷ್ಟ್ರೀಯ ಪ್ರಮಾಣದವರೆಗೆ ಕೊಂಡಿ ಕಡಿಯದೆ ಹೋಗುತ್ತದೆಯೇ ನೋಡುತ್ತಾನೆ, ಪ್ರಾವೀಣ್ಯ ಪರೀಕ್ಷೆಗಳಲ್ಲಿ, ಅಂದರೆ ಒಂದೇ ಮಾದರಿಯನ್ನು ಹಲವು ಲ್ಯಾಬ್‌ಗಳು ಅಳೆದು ಹೋಲಿಸುವ ಸುತ್ತುಗಳಲ್ಲಿ, ಇವರ ಫಲಿತಾಂಶ ಹೇಗೆ ಬಂದಿದೆ ಅಂತ ಕೇಳುತ್ತಾನೆ. 17025 ಪಾಲಿಸುವ ಲ್ಯಾಬ್ 9001ರ ತತ್ವಗಳಂತೆಯೂ ನಡೆಯುತ್ತದೆ ಅಂತ ಒಪ್ಪಲಾಗಿದೆ. 9001 ಇದ್ದರೆ 17025 ಇದ್ದಂತೆ ಅಂತ ಯಾರೂ ಒಪ್ಪಿಲ್ಲ.

ಈ ಪ್ರಕರಣದಲ್ಲಿ ಇನ್ನೊಂದು ಸಂಗತಿ ಹೊರಬಂತು. ಆ 9001 ಪತ್ರ ಕೊಟ್ಟ ಸಂಸ್ಥೆಗೇ ಯಾವ ಗುರುತಿಸಲ್ಪಟ್ಟ ಮಾನ್ಯತೆಯೂ ಇರಲಿಲ್ಲ. ಪತ್ರದ ಮೇಲೆ ಭೂಗೋಳದ ಚಿತ್ರವಿರುವ ಭರ್ಜರಿ ಲಾಂಛನ, "ಅಂತರರಾಷ್ಟ್ರೀಯ ಮಾನ್ಯತಾ ಮಂಡಳಿ" ಅನ್ನುವಂಥ ಹೆಸರು. ಅಂಥ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ನಿಜವಾದ ಸರಪಳಿ ಹೀಗಿರುತ್ತದೆ: ಪ್ರಮಾಣಪತ್ರ ಕೊಡುವವರು ಐಎಸ್‌ಒ/ಐಇಸಿ 17021-1 ಪ್ರಕಾರ ನಡೆಯಬೇಕು, ಲ್ಯಾಬ್ 17025 ಪ್ರಕಾರ, ತಪಾಸಣಾ ಸಂಸ್ಥೆ 17020 ಪ್ರಕಾರ, ವೈದ್ಯಕೀಯ ಲ್ಯಾಬ್ ಐಎಸ್‌ಒ 15189 ಪ್ರಕಾರ. ಇವರನ್ನೆಲ್ಲ ಪರಿಶೀಲಿಸುವ ಮಾನ್ಯತಾ ಸಂಸ್ಥೆ 17011 ಪ್ರಕಾರ ನಡೆಯಬೇಕು, ಅದನ್ನು ಬೇರೆ ದೇಶಗಳ ಮಾನ್ಯತಾ ಸಂಸ್ಥೆಗಳವರು ಬಂದು ಪರಿಶೀಲಿಸಬೇಕು. ಆ ಪರಿಶೀಲನೆಯಲ್ಲಿ ತೇರ್ಗಡೆಯಾದವರು ಪರಸ್ಪರ ಮನ್ನಣೆಯ ಒಪ್ಪಂದಕ್ಕೆ ಸಹಿ ಹಾಕಿರುತ್ತಾರೆ: ಲ್ಯಾಬ್ ಮತ್ತು ತಪಾಸಣೆಗೆ ಐಲ್ಯಾಕ್ ಅನ್ನುವ ಮಾನ್ಯತಾ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟದ್ದು, 9001ರಂಥ ಪ್ರಮಾಣಪತ್ರ ಕೊಡುವವರಿಗೆ ಐಎಎಫ್ ಅನ್ನುವ ಒಕ್ಕೂಟದ್ದು ಇತ್ತು, 2026ರಿಂದ ಇವೆರಡೂ ಗ್ಲೋಬಲ್ ಅಕ್ರೆಡಿಟೇಶನ್ ಕೋಆಪರೇಷನ್ ಅನ್ನುವ ಒಂದೇ ಸಂಸ್ಥೆಯಾಗಿವೆ. ಐಲ್ಯಾಕ್‌ನ ಒಪ್ಪಂದ ಲ್ಯಾಬ್‌ಗಳಿಗೆ 2001ರಲ್ಲಿ ಜಾರಿಗೆ ಬಂತು, ತಪಾಸಣೆಗೆ 2012ರಲ್ಲಿ ವಿಸ್ತರಿಸಿತು. ಭಾರತದ ಎನ್‌ಎಬಿಎಲ್, ಬ್ರಿಟನ್ನಿನ ಯುಕಾಸ್, 1947ರಷ್ಟು ಹಿಂದೆಯೇ ಶುರುವಾದ ಆಸ್ಟ್ರೇಲಿಯಾದ ನಾಟಾ, ಇಂಥವು ಈ ಸಾಲಿನವು. ಲಾಂಛನದ ಹೆಸರು ಸಹಿ ಹಾಕಿದವರ ಪಟ್ಟಿಯಲ್ಲಿ ಇಲ್ಲದಿದ್ದರೆ ಆ ಕಾಗದವನ್ನು ಅಲ್ಲಿಗೇ ಪಕ್ಕಕ್ಕಿಡಿ.

ಸ್ಕೋಪ್ ಓದುವುದು ಕಷ್ಟವಲ್ಲ, ಆದರೆ ಲ್ಯಾಬ್ ಕಳಿಸಿದ ಪಿಡಿಎಫ್ ಓದಬೇಡಿ. ಮಾನ್ಯತಾ ಸಂಸ್ಥೆಯ ಜಾಲತಾಣದಲ್ಲಿ ಪ್ರಮಾಣಪತ್ರದ ಸಂಖ್ಯೆ ಹಾಕಿ ಅಲ್ಲಿಂದಲೇ ತೆಗೆಯಿರಿ. ಮಾನ್ಯತೆ ಅಮಾನತಾಗಿದ್ದರೆ, ಕೆಲವು ಪರೀಕ್ಷೆ ಕೈಬಿಟ್ಟಿದ್ದರೆ ಅಲ್ಲಿ ಮಾತ್ರ ಗೊತ್ತಾಗುತ್ತದೆ. ವಿಳಾಸ ನೋಡಿ, ಏಕೆಂದರೆ ಮಾನ್ಯತೆ ಜಾಗಕ್ಕೆ ಸಂಬಂಧಿಸಿದ್ದು. ಒಂದೇ ಕಂಪನಿಯ ಎರಡನೇ ಶಾಖೆ ಸ್ಕೋಪ್‌ನಲ್ಲಿ ನಮೂದಾಗದಿದ್ದರೆ ಅಲ್ಲಿ ಮಾಡಿದ ಪರೀಕ್ಷೆಗೆ ಮಾನ್ಯತೆ ಇರುವುದಿಲ್ಲ. ಆಮೇಲೆ ಮೂರು ಕಾಲಂಗಳನ್ನು ಒಟ್ಟಿಗೆ ನೋಡಬೇಕು: ಯಾವ ವಸ್ತು, ಯಾವ ಗುಣ, ಯಾವ ವಿಧಾನ. "ಸ್ಟೀಲ್" ಅಂತಿದ್ದರೆ ಸಾಲದು, ಯಾವ ಸ್ಟೀಲ್ ಅಂತ ಇರಬೇಕು. ಅಳತೆಯ ವ್ಯಾಪ್ತಿ ಕೊಟ್ಟಿದ್ದರೆ ನಿಮ್ಮ ಅಂಕಿ ಅದರೊಳಗೆ ಬರಬೇಕು. ಕೆಲವು ಲ್ಯಾಬ್‌ಗಳಿಗೆ ಫ್ಲೆಕ್ಸಿಬಲ್ ಸ್ಕೋಪ್ ಇರುತ್ತದೆ, ಅಂದರೆ ಒಪ್ಪಿದ ಮಿತಿಯೊಳಗೆ ವಿಧಾನಗಳನ್ನು ಲ್ಯಾಬೇ ಸೇರಿಸಿಕೊಳ್ಳಬಹುದು. ಆಗ ಸದ್ಯ ಜಾರಿಯಲ್ಲಿರುವ ವಿಧಾನಗಳ ಪಟ್ಟಿಯನ್ನು ಲ್ಯಾಬ್‌ನಿಂದಲೇ ಕೇಳಿ ಪಡೆಯಬೇಕು.

ಇಷ್ಟೆಲ್ಲ ಸರಿ ಇದ್ದರೂ "ಫಲಿತಾಂಶ ಸ್ವೀಕರಿಸಿದ ಮಾದರಿಗೆ ಮಾತ್ರ ಅನ್ವಯಿಸುತ್ತದೆ" ಅನ್ನುವ ಸಾಲನ್ನು ಮರೆಯಬೇಡಿ. ಮಾದರಿಯನ್ನು ನೀವೇ ಕತ್ತರಿಸಿ ಕಳಿಸಿದ್ದರೆ ಇಡೀ ಲಾಟಿನ ಬಗ್ಗೆ ಲ್ಯಾಬ್ ಒಂದು ಮಾತೂ ಹೇಳಿರುವುದಿಲ್ಲ.

ತಪಾಸಣೆಯ ಬಗ್ಗೆಯೂ ಹೇಳಬೇಕು. ಈ ಸ್ಟಡ್ ಮಾಡಲು ನಮಗೆ ಸ್ಟೀಲ್ ಬಾರ್ (ಸರಳು) ಮಾರಿದ ವ್ಯಾಪಾರಿ, ಮಾಲಿನ ಜೊತೆ "ಥರ್ಡ್ ಪಾರ್ಟಿ ಇನ್‌ಸ್ಪೆಕ್ಷನ್ ಆಗಿದೆ" ಅಂತ ಒಂದು ಪತ್ರ ಕೊಟ್ಟಿದ್ದರು. ಗಲಾಟೆ ಆದ ಮೇಲೆ ವಿಚಾರಿಸಿದರೆ, ಆ ಇನ್‌ಸ್ಪೆಕ್ಷನ್ ಕಂಪನಿ ಅದೇ ವ್ಯಾಪಾರಿಯ ಗುಂಪಿನದು! 17020ರಲ್ಲಿ ಎ, ಬಿ, ಸಿ ಅಂತ ಮೂರು ಬಗೆ ಇದೆ. ತಾನು ತಪಾಸಿಸುವ ವಸ್ತುವಿನ ವಿನ್ಯಾಸ, ತಯಾರಿಕೆ, ಮಾರಾಟ, ಬಳಕೆ ಯಾವುದರಲ್ಲೂ ಕೈ ಇಲ್ಲದವರು ಎ ಬಗೆ. ಬಿ ಬಗೆಯವರು ತಮ್ಮದೇ ಮಾತೃಸಂಸ್ಥೆಗೆ ಮಾತ್ರ ಕೆಲಸ ಮಾಡುವ ವಿಭಾಗ. ಸಿ ಬಗೆಯವರು ತಯಾರಿಕೆ, ಮಾರಾಟದ ಜೊತೆಗೇ ತಪಾಸಣೆಯನ್ನೂ ಮಾಡಬಹುದು, ಒಳಗೆ ಹೊಣೆ ಬೇರ್ಪಡಿಸಿರಬೇಕು. ಮೂರೂ ನಿಯಮಕ್ಕೆ ಒಳಪಟ್ಟವೇ, ಆದರೆ ಮಾರುವವನಿಗೂ ಕೊಳ್ಳುವವನಿಗೂ ಸೇರದ ಕಣ್ಣು ಬೇಕಾದವರು ಎ ಬಗೆ ಅಂತ ಬರವಣಿಗೆಯಲ್ಲಿ ಕೇಳಲೇಬೇಕು. ಸ್ಟೀಲ್ ಕೊಳ್ಳುವವರಿಗೆ ಇನ್ನೊಂದು: ಇಎನ್ 10204 (ಲೋಹದ ಮಾಲಿನ ತಪಾಸಣಾ ಪತ್ರಗಳ ಯುರೋಪಿನ ಮಾನದಂಡ) ಪ್ರಕಾರದ 3.1 ಪತ್ರ ತಯಾರಕನ ತಪಾಸಣಾ ವಿಭಾಗವೇ ಸಹಿ ಮಾಡುವಂಥದ್ದು. ಹೊರಗಿನ ಸಹಿಯೂ ಬೇಕಿದ್ದರೆ ಕೇಳಬೇಕಾದ್ದು 3.2.

ದೂರು ಕೊಡಲು ದಾರಿ ಇದೆ. ಮೊದಲು ಲ್ಯಾಬ್‌ಗೇ ಬರವಣಿಗೆಯಲ್ಲಿ ಕೊಡಬೇಕು. ಆ ಪರೀಕ್ಷೆಯಲ್ಲಿ ಭಾಗಿಯಾಗದವರು ಅದನ್ನು ನೋಡಿ ತೀರ್ಮಾನಿಸಬೇಕು ಅನ್ನುವುದು 17025ರದೇ ನಿಯಮ. ನಮಗೆ ಬಂದ ಉತ್ತರಕ್ಕೆ ಸಹಿ ಹಾಕಿದ್ದವರು ವರದಿಗೆ ಸಹಿ ಹಾಕಿದವರೇ. ಹಾಗಾಗಿ ಪಿಒ, ಒಪ್ಪಿಗೆಯ ಇಮೇಲ್, ವರದಿ, ಸ್ಕೋಪ್, ಅವರ ಉತ್ತರ ಎಲ್ಲವನ್ನೂ ಸೇರಿಸಿ ಮಾನ್ಯತಾ ಸಂಸ್ಥೆಗೆ ಕಳಿಸಿದೆವು. ಅಲ್ಲಿ ಗಂಭೀರವಾಗಿಯೇ ನೋಡಿದರು. ಮುದ್ರೆಯ ದುರ್ಬಳಕೆ ಆಗಿದೆ ಅಂತ ಬರೆದು ತಿಳಿಸಿದರು, ಲ್ಯಾಬ್ ವರದಿಯನ್ನು ಹಿಂದಕ್ಕೆ ಪಡೆಯಬೇಕಾಯಿತು. ದುಡ್ಡಿನ ವಿಷಯ ಅವರ ಕೈಯಲ್ಲಿಲ್ಲ. ನಷ್ಟ ಕೇಳಿದಾಗ ಲ್ಯಾಬ್ ತೋರಿಸಿದ್ದು ತನ್ನ ಕೊಟೇಶನ್ನಿನ ಹಿಂಬದಿಯ ಒಂದು ಷರತ್ತು: ಯಾವುದೇ ಸಂದರ್ಭದಲ್ಲಿ ಹೊಣೆ ಪರೀಕ್ಷಾ ಶುಲ್ಕಕ್ಕೆ ಸೀಮಿತ. ಸ್ಟಡ್‌ಗಳು ವಾಪಸ್ ಬಂದಿವೆ, ಅವುಗಳ ಕೂಲಿ, ಸಾಗಣೆ, ಮರುಪರೀಕ್ಷೆ ಎಲ್ಲ ನಮ್ಮ ಲೆಕ್ಕಕ್ಕೇ ಬಿದ್ದಿದೆ. ಬಾರ್ ಮಾರಿದವರ ಜೊತೆ ಮಾತುಕತೆ ನಡೆಯುತ್ತಿದೆ.

ಈಗ ನಾವು ಲ್ಯಾಬ್‌ಗೆ ಕೊಡುವ ಪಿಒದಲ್ಲಿ ಹಾಕುವ ಸಾಲುಗಳನ್ನು ಇಲ್ಲೇ ಕೊಡುತ್ತೇನೆ, ಬೇಕಾದವರು ಹಾಗೇ ತೆಗೆದುಕೊಳ್ಳಿ: "ಕೆಳಗಿನ ಪ್ರತಿ ಪರೀಕ್ಷೆಯೂ ನಮೂದಿಸಿದ ವಿಧಾನದಲ್ಲಿ, ನಮೂದಿಸಿದ ವಸ್ತುವಿಗೆ, ಈ ವಿಳಾಸದಲ್ಲಿ, ನಿಮ್ಮ ಚಾಲ್ತಿ ಮಾನ್ಯತೆಯ ಸ್ಕೋಪ್‌ನಲ್ಲಿ ಇರಬೇಕು, ಸ್ಕೋಪ್‌ನ ಯಾವ ಸಾಲು ಅನ್ನುವುದನ್ನು ಒಪ್ಪಿಗೆ ಪತ್ರದಲ್ಲಿ ಪ್ರತಿ ಪರೀಕ್ಷೆಯ ಎದುರು ಬರೆಯಿರಿ. ಒಪ್ಪಿಗೆ ಇಲ್ಲದೆ ಹೊರಗೆ ಮಾಡಿಸುವಂತಿಲ್ಲ. ಅಳತೆಯ ಅನಿಶ್ಚಿತತೆ ಮತ್ತು ತೀರ್ಮಾನದ ನಿಯಮ ವರದಿಯಲ್ಲಿರಬೇಕು. ಇವುಗಳಲ್ಲಿ ಯಾವುದು ತಪ್ಪಿದರೂ ಮರುಪರೀಕ್ಷೆ ಮತ್ತು ಮಾಲಿನ ವಾಪಸಾತಿ ವೆಚ್ಚ ನಿಮ್ಮದು. ನಿಮ್ಮ ಕೊಟೇಶನ್ನಿನ ಹೊಣೆ ಮಿತಿಯ ಷರತ್ತು ಇದಕ್ಕೆ ಅನ್ವಯಿಸುವುದಿಲ್ಲ." ಇದನ್ನು ಕಳಿಸಿದ ಮೇಲೆ ಕೆಲವು ಲ್ಯಾಬ್‌ಗಳು ಸುಮ್ಮನಾದವು. ಒಂದು ಲ್ಯಾಬ್ ಸ್ಕೋಪ್‌ನ ಪುಟ ಸಂಖ್ಯೆ ಸಮೇತ ಬರೆದು, ಎ262 ನಮ್ಮಲ್ಲಿಲ್ಲ, ಇಂಥವರಲ್ಲಿ ಇದೆ, ನೇರವಾಗಿ ಅವರಿಗೇ ಕೊಡಿ ಅಂತ ತಿಳಿಸಿತು. ನಮ್ಮ ಕೆಲಸ ಈಗ ಹೋಗುವುದು ಅಲ್ಲಿಗೇ.