ಹಿತ್ತಲಿನ ನವಿಲಿಗೆ ಮೊಬೈಲಾ, ಬ್ರಿಡ್ಜ್ ಕ್ಯಾಮೆರಾನಾ, ಡಿಎಸ್‌ಎಲ್‌ಆರಾ?

ಮೈಸೂರಿನ ಹೊರವಲಯದ ಮನೆ, ಬೆಳಿಗ್ಗೆ ಹಿತ್ತಲಿಗೆ ನವಿಲು. ಯಾವುದರಲ್ಲಿ ಫೋಟೊ ತೆಗೆಯಲಿ ಎಂದು ಕೇಳಿದ್ದೀರಿ.

ಮೊದಲು ದೂರ ನೋಡಿ. ಕಿಟಕಿಯಿಂದ ಐದಾರು ಮೀಟರಿನಲ್ಲೇ ಮೇಯುತ್ತಿದ್ದರೆ ಮೊಬೈಲ್ ಸಾಕು. ಗರಿ ಬಿಚ್ಚಿ ಕುಣಿಯುವಾಗಲಂತೂ ಅದೇ ವಾಸಿ. ಅಷ್ಟು ಹತ್ತಿರದಲ್ಲಿ ದೂರದ್ದನ್ನು ಹತ್ತಿರ ತೋರಿಸುವ 300 ಎಂಎಂ ಲೆನ್ಸಿಗೆ ತಲೆ, ಕತ್ತು ಬಿಟ್ಟು ಬೇರೇನೂ ಹಿಡಿಸುವುದಿಲ್ಲ.

ಕಾಂಪೌಂಡಿನಾಚೆಯ ತೆಂಗಿನ ಮರ ಏರಿ ಕೂತರೆ? ಮೊಬೈಲ್ ಜೂಮ್ ಬರೀ ಕಲಸಿದ ಬಣ್ಣ. ಅಲ್ಲಿ ಬ್ರಿಡ್ಜ್ ಕ್ಯಾಮೆರಾ (ದೊಡ್ಡ ಜೂಮ್ ಲೆನ್ಸ್ ಜೊತೆಗೇ ಕೂಡಿಕೊಂಡಿರುವುದು) ಸಲೀಸು, ಲೆನ್ಸ್ ಬದಲಿಸುವ ರಗಳೆಯೂ ಇಲ್ಲ. ಆದರೆ ಅದರೊಳಗೆ ಬೆಳಕು ಹಿಡಿಯುವ ಸೆನ್ಸರ್ ಚಿಕ್ಕದು. ನವಿಲು ಬರುವುದೇ ಆರೂವರೆಯ ಮಬ್ಬು ಬೆಳಕಿನಲ್ಲಿ, ಅಲ್ವಾ? ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿದರೆ ಕತ್ತಿನ ನೀಲಿಯೆಲ್ಲ ಕಾಳುಕಾಳಾಗುತ್ತದೆ. ಹಾರುವಾಗ ಹಿಡಿಯಲು 1/1000 ಸೆಕೆಂಡಿನ ಶಟರ್ ಬೇಕು, ಅಷ್ಟರಲ್ಲಿ ಒಳಬರುವ ಬೆಳಕು ಇನ್ನೂ ಕಮ್ಮಿ, ಐಎಸ್‌ಒ ಮತ್ತಷ್ಟು ಏರಿಸಬೇಕು. ಆ ಬೆಳಕಿನಲ್ಲಿ ಇದನ್ನು ಸ್ವಲ್ಪವಾದರೂ ತಡೆದುಕೊಳ್ಳುವುದು ಲೆನ್ಸ್ ಬದಲಿಸಬಹುದಾದ, ದೊಡ್ಡ ಸೆನ್ಸರಿನ ಡಿಎಸ್‌ಎಲ್‌ಆರ್.

ಖರ್ಚು, ಭಾರ ಎರಡೂ ಅದಕ್ಕೇ ಜಾಸ್ತಿ. ಸೆಕೆಂಡ್ ಹ್ಯಾಂಡ್ ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ), 70–300 ಎಂಎಂ ಜೂಮ್ ಲೆನ್ಸ್ ಸಿಕ್ಕರೆ ಖರ್ಚಿನ ಹೊರೆ ಇಳಿಯುತ್ತದೆ. ಲೆನ್ಸಿನೊಳಗೆ ಫಂಗಸ್ (ಬೂಷ್ಟು) ಇದೆಯಾ ಎಂದು ಟಾರ್ಚ್ ಬಿಟ್ಟು ನೋಡಿಕೊಳ್ಳಿ.

ಗಂಡಿನ ಉದ್ದ ಗರಿಗಳು ಮಳೆಗಾಲ ಮುಗಿಯುವ ಹೊತ್ತಿಗೆ ಉದುರುತ್ತವೆ. ಈ ವರ್ಷವೇ ಕುಣಿತ ಸಿಗಬೇಕೆಂದರೆ ಸದ್ಯಕ್ಕೆ ಕೈಯಲ್ಲಿರುವ ಮೊಬೈಲನ್ನೇ ಕಿಟಕಿಗೆ ಆನಿಸಿ ಹಿಡಿಯಿರಿ.