ಸೇಂಟ್ ಮೇರಿಸ್ ದ್ವೀಪವೋ, ಮಾಲ್ವಣದ ಸಿಂಧುದುರ್ಗವೋ?

ಬೆಳಗಾವಿಯಿಂದ ಎರಡು ದಿನಗಳ ಬಿಡುವಿನಲ್ಲಿ ದ್ವೀಪ ನೋಡಬಯಸುವವರಿಗೆ, ಅಂಬೋಲಿ ಘಾಟ್ ಇಳಿದು ಸಾವಂತವಾಡಿಯ ಮೇಲೆ ಹಾಯ್ದು ಊಟದ ಹೊತ್ತಿಗೆ ತಲುಪಬಹುದಾದ, ಮಹಾರಾಷ್ಟ್ರ ಕರಾವಳಿಯ ಮಾಲ್ವಣವೇ ಅನುಕೂಲ. ಸೇಂಟ್ ಮೇರಿಸ್‌ಗೆ ದೋಣಿ ಹೊರಡುವ, ಉಡುಪಿ ಬಳಿಯ ಮಲ್ಪೆಗೆ ರಾತ್ರಿ ಪ್ರಯಾಣವೇ ಲೇಸು. ಆದರೆ ನಿಸರ್ಗವೇ ಮುಖ್ಯವೆನ್ನುವವರು ಆ ಆಯಾಸವನ್ನು ಲೆಕ್ಕಿಸಬಾರದು. ಸೇಂಟ್ ಮೇರಿಸ್‌ನಲ್ಲಿ ಲಾವಾ ತಣಿದು ಬಿರಿದು ರೂಪುಗೊಂಡ, ಬಹುಪಾಲು ಆರು ಮುಖದ ಶಿಲಾಕಂಬಗಳು ಪೆನ್ಸಿಲ್‌ಗಳ ಕಟ್ಟಿನಂತೆ ಅಲೆಯಂಚಿನಲ್ಲಿ ಒತ್ತೊತ್ತಾಗಿ ನಿಂತಿವೆ. ದಡದ ತುಂಬ ಚಿಪ್ಪಿನ ಚೂರುಗಳಿರುವುದರಿಂದ ಬರಿಗಾಲಿನಲ್ಲಿ ನಡೆಯಬಾರದು.

ಸಿಂಧುದುರ್ಗವು ಶಿವಾಜಿ 1664ರಲ್ಲಿ ಕಟ್ಟಿಸಲಾರಂಭಿಸಿದ ಜಲದುರ್ಗ. ಅಲ್ಲಿ ದೊರೆಯುವುದು ಇತಿಹಾಸ, ವಿಶಾಲವಾದ ಮರಳದಂಡೆಗೆ ಸಮೀಪದ ತಾರ್ಕರ್ಲಿಗೆ ಹೋಗಬೇಕು.

ಎರಡೂ ಕಡೆ ಮೀನೂಟವನ್ನು ದಡಕ್ಕೆ ಮರಳಿಯೇ ಮಾಡುವುದು ಒಳ್ಳೆಯದು. ಮಲ್ಪೆ ಕಡೆಯ ಮೀನಿನ ಸಾರು ಬಂಗುಡೆ ಪುಳಿಮುಂಚಿಯ ಹುಳಿಖಾರ ನನಗೆ ಹೆಚ್ಚು ಇಷ್ಟ. ತೆಂಗಿನಹಾಲಿನ ಪಾನೀಯವಾದ ಸೋಲ್‌ಕಡಿ ಬಯಸುವವರಿಗೆ ಮಾಲ್ವಣವೇ ಸರಿ. ಮಳೆಗಾಲದಲ್ಲಿ ಎರಡೂ ಕಡೆ ದೋಣಿ ಸಂಚಾರವಿರುವುದಿಲ್ಲ.